ಮೆಡಿಟರೇನಿಯನ್ ವಿಹಾರನೌಕಾ ಪಟ್ಟಣಗಳು ಮತ್ತು ಖಡಕಿಯ ನಂಟು

ಸ್ಪೇನಿನ ಮಾರ್ಬೆಯಾದಿಂದ ತುರ್ಕಿಯ ಬೋದ್ರುಮ್‌ವರೆಗೆ, ಮೆಡಿಟರೇನಿಯನ್ ಕಡಲಂಚಿನಲ್ಲಿ, ಬೇಸಗೆ ಬಂತೆಂದರೆ ಸಿರಿವಂತರ ಯಾಟ್‌ಗಳು ಬಂದು ನಿಲ್ಲುವ ಪಟ್ಟಣಗಳು ಸಾಲಾಗಿವೆ. ಮೊನಾಕೊ, ಕಾನ್, ಆಂತಿಬ್, ಸಾಂ-ತ್ರೊಪೆ, ಪೋರ್ಟೊಫಿನೊ, ಕಾಪ್ರಿ, ಪೋರ್ಟೊ ಚೆರ್ವೊ, ಹೀದ್ರಾ, ಹ್ವಾರ್ ಇವುಗಳಲ್ಲಿ ಹೆಸರಾದವು. ಇನ್ನೂರು ವರ್ಷಗಳ ಹಿಂದೆ ಇವುಗಳಲ್ಲಿ ಬಹುಪಾಲು ಬಲೆ ಒಣಹಾಕುವ ಊರುಗಳು. ಒಂದೆರಡು ಊರೇ ಆಗಿರಲಿಲ್ಲ. ಪುಣೆಯ ಉತ್ತರ ಮಗ್ಗುಲಲ್ಲಿ, ಮುಳಾ ನದಿಯ ದಂಡೆಯಲ್ಲಿರುವ ದಂಡುಪೇಟೆ ಖಡಕಿಗೂ ಇವಕ್ಕೂ ಎತ್ತಣಿಂದೆತ್ತಣ ಸಂಬಂಧ ಎನಿಸಬಹುದು. ಕಡಲಿರುವುದು ಸಹ್ಯಾದ್ರಿಯ ಆಚೆಗೆ. ಆದರೂ ಖಡಕಿಯ ಸಿಪಾಯಿಗಳು, ಯರವಡದಲ್ಲಿ ಅರಮನೆ ಕಟ್ಟಿಸಿದ ಮನೆತನ, ಪುಣೆಯಲ್ಲಿ ಸಿನಿಮಾ ಕಲಿತ ಕನ್ನಡಿಗ, ಬೆಂಗಳೂರಿನ ಮದ್ಯದ ದೊರೆ, ಶ್ರೀರಂಗಪಟ್ಟಣದ ನವಾಬನ ಫ್ರೆಂಚ್ ಗೆಳೆಯ, ಇವರೆಲ್ಲರ ಗುರುತು ಈ ಬಂದರುಗಳ ಧಕ್ಕೆಗಳ ಮೇಲಿದೆ. ಪ್ರವಾಸಿ ಕೈಪಿಡಿಗಳು ಹೇಳದ ಆ ದಾರಿಯಲ್ಲೇ ಈ ಪಟ್ಟಣಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಕಡಲಿನ ಗುಣ

ಮೆಡಿಟರೇನಿಯನ್ ಬಹುಮಟ್ಟಿಗೆ ಮುಚ್ಚಿದ ಸಮುದ್ರ. ಅಟ್ಲಾಂಟಿಕ್‌ಗೆ ಅದು ತೆರೆದುಕೊಳ್ಳುವ ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಕಡೆಯ ಅಗಲ ಸುಮಾರು 14 ಕಿ.ಮೀ. ಮಾತ್ರ. ಹೀಗಾಗಿ ಉಬ್ಬರ ಇಳಿತ ಬಹಳ ಕಡಿಮೆ, ಹೆಚ್ಚಿನ ಕಡೆ ಅರ್ಧ ಮೀಟರೂ ಇಲ್ಲ. ಮಂಗಳೂರಿನಲ್ಲಿ ನೀರು ಒಂದೂವರೆ ಮೀಟರಿನ ಆಸುಪಾಸು ಏರಿಳಿಯುತ್ತದೆ, ಮುಂಬಯಿಯಲ್ಲಿ ಕೆಲವು ದಿನ ಐದು ಮೀಟರಿನ ಹತ್ತಿರ ಹೋಗುತ್ತದೆ. ವಿಹಾರನೌಕೆಯವರಿಗೆ ಈ ವ್ಯತ್ಯಾಸವೇ ದೊಡ್ಡದು. ನೀರಿನ ಮಟ್ಟ ಹೆಚ್ಚು ಬದಲಾಗದ ಕಡೆ ಹಡಗಿನ ಹಿಂಬದಿಯನ್ನು ನೇರ ಊರಿನ ಧಕ್ಕೆಗೆ ತಂದು ಹಗ್ಗ ಬಿಗಿದು, ಮುಂಬದಿಯಲ್ಲಿ ಲಂಗರು ಇಳಿಸಿ, ಒಂದು ಹಲಗೆ ಹಾಸಿದರೆ ಸಾಕು. ಇಳಿದವರು ಕಾಫಿ ಅಂಗಡಿಯ ಮೇಜುಗಳ ನಡುವೆಯೇ ಕಾಲಿಡುತ್ತಾರೆ. ಯಾಟಿನಲ್ಲಿ ಕುಳಿತವರನ್ನು ಅಂಗಡಿಯವರು, ಅಂಗಡಿಯಲ್ಲಿ ಕುಳಿತವರನ್ನು ಯಾಟಿನವರು ನೋಡುತ್ತಾ ಕೂರುವ ಈ ಪಟ್ಟಣಗಳ ಸಂಜೆಯ ಕಾಲಕ್ಷೇಪಕ್ಕೆ ಮೂಲ ಕಾರಣ ಉಬ್ಬರವಿಲ್ಲದ ಆ ನೀರು.

ಹಂಗಾಮು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಅಲ್ಲಿನ ಬೇಸಗೆಯಲ್ಲಿ ಮಳೆ ಅಪರೂಪ, ಆದರೆ ಗಾಳಿಯನ್ನು ನಂಬುವಂತಿಲ್ಲ. ರೋನ್ ನದಿಯ ಕಣಿವೆಯಿಂದ ಇಳಿದುಬರುವ ಮಿಸ್ತ್ರಾಲ್ ಎಂಬ ಒಣ ಶೀತಗಾಳಿ ಫ್ರಾನ್ಸಿನ ದಡವನ್ನು ಕಾಡುತ್ತದೆ. ಏಜಿಯನ್ ಕಡಲಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೆಲ್ತೆಮಿ ದಿನಗಟ್ಟಲೆ ಬೀಸಿ ನೌಕೆಗಳನ್ನು ಬಂದರಿನಲ್ಲೇ ಕೂರಿಸುತ್ತದೆ.

ಖಡಕಿಯಿಂದ ಹೊರಟವರು

1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಕಾಳಗ ನಡೆದ ಸ್ಥಳ ಖಡಕಿ. ಬ್ರಿಟಿಷರು ಅಲ್ಲಿ ದಂಡು ಕಟ್ಟಿಕೊಂಡರು. ಮುಂದೆ ಬಾಂಬೆ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆ ಅದನ್ನೇ ನೆಲೆ ಮಾಡಿಕೊಂಡಿತು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಸುರಂಗ ತೋಡುವುದು ಇವರ ಕೆಲಸ. ಬೆಂಗಳೂರಿನ ಹಲಸೂರಿನಲ್ಲಿ ನೆಲೆಸಿದ ಮದ್ರಾಸ್ ಸ್ಯಾಪರ್ಸ್ ಇವರ ಒಡಹುಟ್ಟಿದ ಪಡೆ.

1878ರಲ್ಲಿ ರಷ್ಯಾ ತುರ್ಕಿಯನ್ನು ಸೋಲಿಸಿ ಇಸ್ತಾಂಬುಲ್ ಬಾಗಿಲಿಗೆ ಬಂದು ನಿಂತಾಗ, ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ಭಾರತದಿಂದ ಏಳು ಸಾವಿರದಷ್ಟು ಸೈನಿಕರನ್ನು ಮಾಲ್ಟಾ ದ್ವೀಪಕ್ಕೆ ಕರೆಸಿದ. ಸುಯೆಜ್ ಕಾಲುವೆ ತೆರೆದು ಆಗ ಒಂಬತ್ತೇ ವರ್ಷ. ಆ ದಂಡಿನಲ್ಲಿ ಬೊಂಬಾಯಿ ಮತ್ತು ಮದ್ರಾಸಿನ ಸ್ಯಾಪರ್ ತುಕಡಿಗಳೂ ಇದ್ದವು. ಯುದ್ಧ ನಡೆಯಲಿಲ್ಲ, ಅದೇ ಬೇಸಗೆಯಲ್ಲಿ ಬ್ರಿಟಿಷರ ಕೈಸೇರಿದ ಸೈಪ್ರಸ್‌ಗೆ ಭಾರತದ ಪಡೆಗಳು ಹೋಗಿ ಇಳಿದವು. ಬಿಸಿಲಿಗೂ ಜ್ವರಕ್ಕೂ ಹೆಸರಾಗಿದ್ದ ಆ ದ್ವೀಪದಲ್ಲಿ ಈಗ ಲಿಮಸೋಲ್ ಮರಿನಾ ಇದೆ, ವಿಲ್ಲಾಗಳ ಬಾಗಿಲಿಗೇ ಯಾಟ್ ಕಟ್ಟಬಹುದು.

ಎರಡನೆಯ ಪಯಣ ಇನ್ನೂ ಕಠಿಣ. ಮೊದಲನೇ ಮಹಾಯುದ್ಧದಲ್ಲಿ ಲಾಹೋರ್ ಡಿವಿಜನ್ ಜೊತೆ ಖಡಕಿಯ ಸ್ಯಾಪರ್‌ಗಳ 20 ಮತ್ತು 21ನೇ ಕಂಪನಿಗಳು ಫ್ರಾನ್ಸಿಗೆ ಹೋದವು. ಆ ಡಿವಿಜನ್ 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಯ್ ಬಂದರಿನಲ್ಲಿ ಇಳಿಯಿತು. ಒಂದು ತಿಂಗಳಿಗೆ, ಅಕ್ಟೋಬರ್ 28ರಂದು, ನವ್ ಶಪೆಲ್ ಎಂಬ ಹಳ್ಳಿಯನ್ನು ಹಿಡಿಯುವ ಹೋರಾಟದಲ್ಲಿ ಈ ಎರಡು ಕಂಪನಿಗಳ ಅಧಿಕಾರಿಗಳು ಬಹುತೇಕ ಎಲ್ಲರೂ ಸತ್ತರು ಇಲ್ಲವೇ ಗಾಯಗೊಂಡರು. ಇಂದು ಯಾಟ್ ಬಾಡಿಗೆಗೆ ಹಿಡಿದು ಪೂರ್ವಕ್ಕೆ ಹೊರಡುವವರಿಗೆ ಮಾರ್ಸೇಯ್ ಪ್ರವಾಸದ ಮೊದಲ ನಿಲ್ದಾಣ. ಆ ಸ್ಯಾಪರ್‌ಗಳಿಗೆ ಅದು ಯುರೋಪಿನ ಮೊದಲ ನೋಟವಾಗಿತ್ತು. ಊರಿನವರು ದಾರಿಯ ಇಕ್ಕೆಲದಲ್ಲಿ ನಿಂತು ಸ್ವಾಗತಿಸಿದರು.

ಮಾಲ್ಟಾದ ಗ್ರ್ಯಾಂಡ್ ಹಾರ್ಬರ್‌ಗೆ ಭಾರತೀಯ ಕಥೆಯೊಂದು 2018ರಲ್ಲಿ ಮತ್ತೆ ಬಂದು ಸೇರಿತು. ಅದನ್ನು ಮೊನಾಕೊದಿಂದ ಶುರು ಮಾಡಬೇಕು.

ರಿವಿಯೆರಾ

ಫ್ರಾನ್ಸಿನ ಆಗ್ನೇಯ ದಡಕ್ಕೆ ರಿವಿಯೆರಾ ಎಂದು ಹೆಸರು. ಅದು ಮೊದಲು ಬೇಸಗೆಯ ತಾಣವಲ್ಲ, ಚಳಿಗಾಲದ ತಾಣ. 1834ರಲ್ಲಿ ಇಂಗ್ಲೆಂಡಿನ ಲಾರ್ಡ್ ಬ್ರೌಹಮ್ ನೀಸ್‌ಗೆ ಹೊರಟಿದ್ದ. ಕಾಲರಾ ಕಾರಣ ಗಡಿ ಮುಚ್ಚಿತ್ತು. ದಾರಿಯಲ್ಲಿ ಕಾನ್ ಎಂಬ ಬೆಸ್ತರ ಹಳ್ಳಿಯಲ್ಲಿ ತಂಗಿದವನು ಅಲ್ಲೇ ಮನೆ ಕಟ್ಟಿಸಿದ. ಅವನ ಹಿಂದೆ ಇಂಗ್ಲಿಷ್ ಶ್ರೀಮಂತರು, ಅವರ ಹಿಂದೆ ರಷ್ಯನ್ನರು, ಆಮೇಲೆ ರೈಲು. ಬಿಸಿಲಿಗೆ ಮೈಯೊಡ್ಡುವ ಶೋಕಿ ಬಂದದ್ದು 1920ರ ದಶಕದಲ್ಲಿ. ಅಲ್ಲಿಯವರೆಗೆ ಬೇಸಗೆಯಲ್ಲಿ ಹೋಟೆಲುಗಳಿಗೆ ಬೀಗ ಹಾಕುತ್ತಿದ್ದರು.

ಕಾನ್ ಈಗ ಚಿತ್ರೋತ್ಸವದ ಊರು. 1939ರಲ್ಲಿ ನಡೆಯಬೇಕಿದ್ದ ಉತ್ಸವ ಯುದ್ಧದಿಂದ ನಿಂತು 1946ರಲ್ಲಿ ಶುರುವಾಯಿತು. ಆ ವರ್ಷದ ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಚೇತನ್ ಆನಂದ್ ಅವರ ‘ನೀಚಾ ನಗರ್’ ಒಂದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಂಟು 2024ರಲ್ಲಿ ಗಟ್ಟಿಯಾಯಿತು. ಅಲ್ಲಿನ ವಿದ್ಯಾರ್ಥಿ, ಮೈಸೂರು ಕಡೆಯ ಚಿದಾನಂದ ಎಸ್. ನಾಯ್ಕ್ ಮಾಡಿದ ಕನ್ನಡ ಕಿರುಚಿತ್ರಕ್ಕೆ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಕೇ ಹರಿಯದ ಜನಪದ ಕಥೆ ಅದರದ್ದು. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಕಲಿತ ಪಾಯಲ್ ಕಪಾಡಿಯಾ ಅವರ ಚಿತ್ರ ಉತ್ಸವದ ಎರಡನೆಯ ದೊಡ್ಡ ಗೌರವವಾದ ಗ್ರ್ಯಾಂಡ್ ಪ್ರಿ ಪಡೆಯಿತು. ಉತ್ಸವದ ಹನ್ನೆರಡು ದಿನ ಕೊಲ್ಲಿಯ ತುಂಬ ಯಾಟ್‌ಗಳು. ನಿರ್ಮಾಪಕರ ವ್ಯವಹಾರದ ಒಂದಷ್ಟು ಭಾಗ ನೀರಿನ ಮೇಲೆಯೇ ಮುಗಿಯುತ್ತದೆ.

ಪಕ್ಕದ ಆಂತಿಬ್ ಯಾಟ್ ಉದ್ಯಮದ ಕಾರ್ಯಾಲಯದಂತೆ. ವೋಬಾನ್ ಬಂದರಿನ ಒಂದು ಧಕ್ಕೆಗೆ ಕೋಟ್ಯಧೀಶರ ಧಕ್ಕೆ ಎಂದೇ ಅಡ್ಡಹೆಸರಿದೆ. ಹಿಂದಿನ ಬೀದಿಗಳಲ್ಲಿರುವುದು ನೌಕಾ ಸಿಬ್ಬಂದಿಯನ್ನು ಒದಗಿಸುವ ಏಜೆನ್ಸಿಗಳು, ಹಗ್ಗ, ಬಣ್ಣ, ಬಿಡಿಭಾಗ ಮಾರುವ ಅಂಗಡಿಗಳು. ಯಾಟ್ ಲೋಕದ ಬೆವರು ಕಾಣಬೇಕೆಂದರೆ ಈ ಊರಿಗೇ ಬರಬೇಕು.

ಮೊನಾಕೊ ಎರಡು ಚದರ ಕಿ.ಮೀ. ಚಿಲ್ಲರೆಯ ದೇಶ. 19ನೇ ಶತಮಾನದ ನಡುವೆ ತನ್ನ ನಿಂಬೆ ತೋಟಗಳಿದ್ದ ನೆಲವನ್ನೆಲ್ಲ ಕಳೆದುಕೊಂಡು ಬಡವಾಗಿದ್ದ ಸಂಸ್ಥಾನ, ಜೂಜುಕಟ್ಟೆ ತೆರೆದು ಬದುಕಿಕೊಂಡಿತು. 1863ರಲ್ಲಿ ಫ್ರಾಂಸ್ವಾ ಬ್ಲಾಂ ಕಸೀನೊ ವಹಿಸಿಕೊಂಡ. 1868ರಲ್ಲಿ ರೈಲು ಬಂತು. 1869ರಲ್ಲಿ ನಾಡಿಗರ ನೇರ ತೆರಿಗೆ ರದ್ದಾಯಿತು. 1929ರಿಂದ ಊರಿನ ಬೀದಿಗಳಲ್ಲೇ ಕಾರು ಓಟ. ಹರ್ಕ್ಯುಲ್ ಬಂದರಿನಲ್ಲಿ ಯಾಟ್ ಕಟ್ಟಿದವರು ಡೆಕ್ ಮೇಲೆ ಕುಳಿತೇ ಓಟ ನೋಡಬಹುದು, ಅದಕ್ಕೆ ತಕ್ಕ ಬಾಡಿಗೆಯನ್ನೂ ತೆರಬೇಕು.

ಬಂಟ್ವಾಳ ಮೂಲದ, ಬೆಂಗಳೂರಿನ ಯುಬಿ ಸಮೂಹದ ವಿಜಯ ಮಲ್ಯ ಫೋರ್ಸ್ ಇಂಡಿಯಾ ಎಂಬ ಕಾರು ಓಟದ ತಂಡದ ಒಡೆಯರಾಗಿ ಇಲ್ಲಿ ಹೆಸರಾದರು. ಅವರ ಯಾಟ್ ‘ಇಂಡಿಯನ್ ಎಂಪ್ರೆಸ್’ 95 ಮೀಟರ್ ಉದ್ದದ್ದು, ಓಟದ ವಾರದಲ್ಲಿ ಮೊನಾಕೊದಲ್ಲಿ ನಿಂತು ಔತಣಗಳಿಗೆ ಮನೆಯಾಗುತ್ತಿತ್ತು. ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ದಂಪತಿಯದ್ದಾಗಿದ್ದ, 1906ರಲ್ಲಿ ಕಟ್ಟಿದ ‘ಕಲೀಜ್ಮಾ’ ಎಂಬ ಹಳೆಯ ಯಾಟೂ ಮಲ್ಯರ ಕೈಯಲ್ಲಿತ್ತು. 2018ರ ಮಾರ್ಚ್‌ನಲ್ಲಿ ‘ಇಂಡಿಯನ್ ಎಂಪ್ರೆಸ್’ ಮಾಲ್ಟಾದಲ್ಲಿದ್ದಾಗ, ತಿಂಗಳುಗಟ್ಟಲೆ ಸಂಬಳ ಬಂದಿಲ್ಲವೆಂದು ಸಿಬ್ಬಂದಿ ಕಾನೂನಿನ ಮೊರೆಹೋದರು. ಕಡಲ ಕಾನೂನಿನಲ್ಲಿ ನಾವಿಕರ ಬಾಕಿ ಸಂಬಳಕ್ಕೆ ಹಡಗೇ ಜಾಮೀನು; ಸಾಲ ಕೊಟ್ಟ ಬ್ಯಾಂಕಿಗಿಂತ ಅವರ ಹಕ್ಕು ಮೊದಲು. ಮಾಲ್ಟಾ ಹಡಗನ್ನು ತಡೆದು ನಿಲ್ಲಿಸಿತು, ನ್ಯಾಯಾಲಯ ಅದನ್ನು ಅದೇ ವರ್ಷ ಹರಾಜು ಹಾಕಿಸಿತು. ಸ್ಯಾಪರ್‌ಗಳು ಬಂದಿಳಿದು 140 ವರ್ಷಗಳ ಮೇಲೆ ಕನ್ನಡ ನಾಡಿನ ಹೆಸರು ಮಾಲ್ಟಾದ ದಾಖಲೆಗಳಿಗೆ ಬಂದದ್ದು ಹೀಗೆ.

ಸಾಂ-ತ್ರೊಪೆ ಇವುಗಳಲ್ಲೆಲ್ಲ ಕನ್ನಡಿಗರು ಹೆಚ್ಚು ಹೊತ್ತು ನಿಲ್ಲಬೇಕಾದ ಊರು. ಧಕ್ಕೆಯ ಮೇಲೆ, ಯಾಟ್‌ಗಳತ್ತ ಮುಖಮಾಡಿ, 1866ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಿದೆ. ಅದು ನೌಕಾಧಿಪತಿ ಸುಫ್ರೆನ್‌ನದು. ಅವನ ಮನೆತನ ಈ ಊರಿನ ಜಹಗೀರುದಾರರು. 1782 ಮತ್ತು 83ರಲ್ಲಿ ಸುಫ್ರೆನ್ ಕೋರಮಂಡಲ ಮತ್ತು ಸಿಂಹಳದ ಕಡಲಿನಲ್ಲಿ ಬ್ರಿಟಿಷ್ ನೌಕಾಪಡೆಯ ಎದುರು ಐದು ಕದನ ನಡೆಸಿದ. ಮೈಸೂರಿನ ಹೈದರಾಲಿಗೆ ಆಗ ಕಡಲ ಕಡೆಯಿಂದ ಸಿಕ್ಕ ನಿಜವಾದ ಬಲ ಅವನೇ. 1782ರ ಜುಲೈನಲ್ಲಿ ಕಡಲೂರಿನ ಬಳಿ ಇಬ್ಬರೂ ಭೇಟಿಯಾದರು. ಆ ವರ್ಷದ ಕೊನೆಗೆ ಹೈದರ್ ತೀರಿಕೊಂಡ. ಮರುವರ್ಷ ಯುರೋಪಿನಲ್ಲಿ ಸಂಧಿಯಾಗಿ ಸುಫ್ರೆನ್ ಮರಳಿಹೋದ. ಮೈಸೂರಿನ ಇತಿಹಾಸ ಓದಿದವರಿಗೆ ಈ ಪ್ರತಿಮೆಯೆದುರು ಐಸ್‌ಕ್ರೀಮ್ ತಿನ್ನುತ್ತಾ ಹಾದುಹೋಗುವುದು ಸುಲಭವಲ್ಲ.

ಇದೇ ಊರಿನ ಇನ್ನೊಬ್ಬ ಮಗ ಜನರಲ್ ಅಲ್ಲಾರ್, ನೆಪೋಲಿಯನ್ ಸೋತ ಮೇಲೆ ಲಾಹೋರಿಗೆ ಹೋಗಿ ಮಹಾರಾಜ ರಣಜಿತ್ ಸಿಂಗನ ಅಶ್ವದಳವನ್ನು ತಿದ್ದಿದವನು. ಚಂಬಾದ ಬನ್ನು ಪಾನ್ ದೇಯಿಯನ್ನು ಮದುವೆಯಾಗಿ ಅವಳನ್ನೂ ಮಕ್ಕಳನ್ನೂ ಸಾಂ-ತ್ರೊಪೆಗೆ ತಂದು ಬಿಟ್ಟು, ತಾನು ಪಂಜಾಬಿಗೆ ಮರಳಿ, 1839ರಲ್ಲಿ ಅಲ್ಲೇ ಸತ್ತ. ಆಕೆ 1884ರವರೆಗೆ ಈ ಊರಿನಲ್ಲೇ ಬಾಳಿದಳು. ಅವರ ಮನೆ ಈಗ ಅವಳ ಹೆಸರಿನ ಹೋಟೆಲು. 2016ರಿಂದ ರಣಜಿತ್ ಸಿಂಗನ ಪುತ್ಥಳಿಯೂ ಇಲ್ಲಿದೆ.

ಇಲ್ಲಿಗೆ ವಿಹಾರನೌಕೆಯ ದಾರಿ ತೋರಿದವನು ಕಲಾವಿದ ಪಾಲ್ ಸೀನ್ಯಾಕ್. 1892ರಲ್ಲಿ ಅವನು ತನ್ನ ಹಾಯಿದೋಣಿಯಲ್ಲೇ ಬಂದ. 1944ರಲ್ಲಿ ಹಿಮ್ಮೆಟ್ಟುವ ಜರ್ಮನ್ನರು ಬಂದರನ್ನು ಸಿಡಿಸಿದರು. ಈಗ ಕಾಣುವ ಕೇಸರಿ, ಗುಲಾಬಿ ಬಣ್ಣದ ಮನೆಸಾಲು ಆಮೇಲೆ ಮತ್ತೆ ಕಟ್ಟಿದ್ದು. 1956ರಲ್ಲಿ ಬ್ರಿಜಿತ್ ಬಾರ್ದೊ ಅಭಿನಯದ ಚಿತ್ರ ಬಂದ ಮೇಲೆ ಊರು ಹೆಸರಾಯಿತು.

ಯರವಡದಿಂದ ಪೋರ್ಟೊ ಚೆರ್ವೊಗೆ

ಖಡಕಿಯಿಂದ ನದಿ ಹರಿಯುವ ದಿಕ್ಕಿನಲ್ಲಿ ಹೋದರೆ ಯರವಡದ ಆಗಾ ಖಾನ್ ಅರಮನೆ ಸಿಗುತ್ತದೆ. ನಿಜಾರಿ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರುಗಳ ಈ ಮನೆತನಕ್ಕೆ ಪುಣೆಯ ನಂಟು ಹಳೆಯದು. ಎರಡನೇ ಆಗಾ ಖಾನ್ 1885ರಲ್ಲಿ ತೀರಿಕೊಂಡದ್ದು ಪುಣೆಯಲ್ಲೇ. ಮೂರನೆಯವರಾದ ಸುಲ್ತಾನ್ ಮಹಮ್ಮದ್ ಷಾ 1892ರಲ್ಲಿ ಅರಮನೆ ಕಟ್ಟಿಸಿದರು. ಬರಗಾಲದಲ್ಲಿ ಸುತ್ತಲಿನವರಿಗೆ ಕೂಲಿ ಸಿಗಲೆಂದು ಕಟ್ಟಿಸಿದ್ದು ಎಂಬ ಮಾತಿದೆ. 1942ರಿಂದ 44ರವರೆಗೆ ಗಾಂಧೀಜಿಯನ್ನು ಸೆರೆಯಿಟ್ಟದ್ದು, ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಕೊನೆಯುಸಿರೆಳೆದದ್ದು ಇಲ್ಲಿ. ಅರಮನೆಯ ಒಡೆಯರು ಆ ಹೊತ್ತಿಗೆ ಯುರೋಪಿನ ನಿವಾಸಿ. ಕಾನ್ ಪಕ್ಕದ ಬೆಟ್ಟದಲ್ಲಿ ಆಮೇಲೆ ಅವರ ವಿಲ್ಲಾ ಎದ್ದಿತು. 1949ರಲ್ಲಿ ಅವರ ಮಗ ಅಲಿ ಖಾನ್ ನಟಿ ರೀಟಾ ಹೇವರ್ತ್‌ರನ್ನು ಮದುವೆಯಾದದ್ದು ಅದೇ ರಿವಿಯೆರಾದಲ್ಲಿ.

1957ರಲ್ಲಿ ಅಜ್ಜನ ಪೀಠಕ್ಕೆ ಬಂದ ಮೊಮ್ಮಗ, ನಾಲ್ಕನೇ ಆಗಾ ಖಾನ್ ಕರೀಮ್, ಆಗಿನ್ನೂ ಇಪ್ಪತ್ತರ ತರುಣ. ಇಟಲಿಯ ಸಾರ್ಡಿನಿಯಾ ದ್ವೀಪದ ಈಶಾನ್ಯ ದಡ ಆಗ ಕುರುಬರ ಬಂಜರು. ಅಲ್ಲಿಗೆ ಒಳ್ಳೆಯ ರಸ್ತೆಯಿರಲಿಲ್ಲ. ದ್ವೀಪವನ್ನು ಶತಮಾನಗಳಿಂದ ಹಿಂಡಿದ್ದ ಮಲೇರಿಯಾ ತೊಲಗಿದ್ದೂ 1946ರಿಂದ 50ರವರೆಗೆ ಡಿಡಿಟಿ ಸಿಂಪಡಿಸಿದ ಮೇಲೆ. 1962ರಲ್ಲಿ ಕರೀಮ್ ಮತ್ತು ಜೊತೆಗಾರರು ನೆಲ ಕೊಂಡು ಕೋಸ್ಟಾ ಸ್ಮೆರಾಲ್ಡಾ, ಎಂದರೆ ಪಚ್ಚೆ ಕರಾವಳಿ, ಎಂಬ ಹೆಸರಿಟ್ಟು ಒಕ್ಕೂಟ ಮಾಡಿದರು. ಪೋರ್ಟೊ ಚೆರ್ವೊ ಅದರ ಬಂದರು. ಬೆಸ್ತರ ಹಳ್ಳಿಯಂತೆ ಕಾಣುವ ಈ ಊರಿನಲ್ಲಿ ಹಳ್ಳಿಯೇ ಇರಲಿಲ್ಲ. ಜಾಕ್ ಕುಯೆಲ್, ಲೂಯಿಜಿ ವಿಯೆತ್ತಿ, ಮಿಕೆಲೆ ಬುಸಿರಿ ವಿಚಿ ಎಂಬ ವಾಸ್ತುಶಿಲ್ಪಿಗಳು ಓರೆಕೋರೆ ಗೋಡೆ, ಮಣ್ಣಿನ ಬಣ್ಣ, ಹಳೆಯ ಹೆಂಚು ಹಾಕಿ ಹಳತನ್ನು ಹೊಸದಾಗಿ ಹುಟ್ಟಿಸಿದರು. ಮನೆ ಮರದೆತ್ತರ ಮೀರಬಾರದು, ತಂತಿಗಳು ಕಾಣಬಾರದು ಎಂಬ ಕಟ್ಟುಪಾಡು ಇತ್ತು. ವಿಮಾನ ಬೇಕೆಂದು ವಿಮಾನಯಾನ ಕಂಪನಿಯನ್ನೇ ತೆರೆದರು. 1967ರಲ್ಲಿ ಯಾಟ್ ಕ್ಲಬ್ ಬಂತು. 1983ರಲ್ಲಿ ಆ ಕ್ಲಬ್ಬಿನ ‘ಅಝುರ್ರಾ’ ಅಮೆರಿಕಾಸ್ ಕಪ್ ಹಾಯಿನೌಕಾ ಸ್ಪರ್ಧೆಗೆ ಇಳಿದ ಮೊದಲ ಇಟಾಲಿಯನ್ ಯಾಟ್ ಆಯಿತು. ಆಸ್ತಿ ಈಗ ಕತಾರಿನ ಹೂಡಿಕೆದಾರರ ಕೈಯಲ್ಲಿದೆ. ಕರೀಮ್ 2025ರ ಫೆಬ್ರವರಿಯಲ್ಲಿ ಲಿಸ್ಬನ್ನಿನಲ್ಲಿ ತೀರಿಕೊಂಡರು. ಯರವಡದ ಅರಮನೆಯನ್ನು 1969ರಲ್ಲಿ ಭಾರತಕ್ಕೆ ದಾನ ಕೊಟ್ಟವರೂ ಅವರೇ. ಇತ್ತ ಬಡವರಿಗೆ ಕೂಲಿ ಕೊಡಲು ಎದ್ದ ಅರಮನೆ, ಅತ್ತ ಸಿರಿವಂತರಿಗೆಂದೇ ಎದ್ದ ಊರು: ಒಂದೇ ಮನೆತನದ ಎರಡು ಕಟ್ಟೋಣಗಳಲ್ಲಿ ಯಾವುದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದೋ, ಪುಣೆಯವರಿಗೆ ಸಂಶಯವಿಲ್ಲ.

ಉಳಿದ ಊರುಗಳು

ಇಟಲಿಯ ಪೋರ್ಟೊಫಿನೊದಲ್ಲಿ ಕೆಲವು ನೂರು ಜನ ಮಾತ್ರ ವಾಸಿಸುತ್ತಾರೆ. ಬಂದರು ಅಂಗೈಯಗಲ, ದೊಡ್ಡ ಯಾಟ್‌ಗಳು ಹೊರಗೇ ಲಂಗರು ಹಾಕುತ್ತವೆ. ಕಾಪ್ರಿ ರೋಮನ್ ಚಕ್ರವರ್ತಿ ಟೈಬೀರಿಯಸ್ ಕೊನೆಯ ಹತ್ತು ವರ್ಷ ಕಳೆದ ದ್ವೀಪ. ಅಮಾಲ್ಫಿ ಒಂದು ಕಾಲದಲ್ಲಿ ಕಡಲ ಗಣರಾಜ್ಯ, ಈಗ ಬೇಸಗೆಯಲ್ಲಿ ಕಾಲಿಡಲು ಜಾಗವಿರದ ಊರು. ಸ್ಪೇನಿನ ಪುವೆರ್ತೊ ಬನೂಸ್ 1970ರಲ್ಲಿ ಕಟ್ಟಿದ ಮರಿನಾ. ಅಲ್ಲಿ ಯಾಟಿಗಿಂತ ಕಾರುಗಳ ಪ್ರದರ್ಶನವೇ ಜೋರು.

ಪೂರ್ವಕ್ಕೆ ಹೋದಂತೆ ಖರ್ಚು ಇಳಿಯುತ್ತದೆ, ಸೊಗಸು ಇಳಿಯುವುದಿಲ್ಲ. ಗ್ರೀಸಿನ ಹೀದ್ರಾ ದ್ವೀಪದಲ್ಲಿ ಕಾರಿಗೆ ಪ್ರವೇಶವಿಲ್ಲ, ಸಾಮಾನು ಹೊರುವುದು ಹೇಸರಗತ್ತೆ. ಕ್ರೊಯೇಷಿಯಾದ ದುಬ್ರೊವ್ನಿಕ್‌ನ ಕೋಟೆಯೂರು 1979ರಿಂದ ವಿಶ್ವಪರಂಪರೆಯ ತಾಣ. ಜನಜಂಗುಳಿ ತಾಳಲಾರದೆ ಊರಿನವರು ದೊಡ್ಡ ಪ್ರವಾಸಿ ಹಡಗುಗಳಿಗೆ ಮಿತಿ ಹಾಕಿದ್ದಾರೆ. ಮಾಂಟೆನೆಗ್ರೊದ ತೀವಾತ್‌ನಲ್ಲಿ ಆಸ್ಟ್ರಿಯಾ ಹಂಗೆರಿ ಕಾಲದ ನೌಕಾ ಕಾರ್ಖಾನೆಯೇ ಮರಿನಾ ಆಗಿದೆ. ತುರ್ಕಿಯ ಬೋದ್ರುಮ್ ಸ್ಪಂಜು ಮುಳುಗುಗಾರರ ಊರಾಗಿತ್ತು. 1925ರಲ್ಲಿ ಅಲ್ಲಿಗೆ ಗಡಿಪಾರಾಗಿ ಬಂದ ಲೇಖಕ ಜೆವಾತ್ ಷಾಕಿರ್ ಊರನ್ನು ಮೆಚ್ಚಿ, ಗೆಳೆಯರನ್ನು ಸ್ಪಂಜಿನ ದೋಣಿಗಳಲ್ಲಿ ಕಡಲು ಸುತ್ತಿಸತೊಡಗಿದ. ಗುಲೆತ್ ಎಂಬ ಮರದ ಹಡಗುಗಳಲ್ಲಿ ಈಗ ನಡೆಯುವ ‘ನೀಲಯಾನ’ಗಳ ಹುಟ್ಟು ಅದು.

ಯಾನದ ಏರ್ಪಾಡು

ಯಾಟ್ ಕೊಳ್ಳುವವರಿಗಿಂತ ಬಾಡಿಗೆಗೆ ಹಿಡಿಯುವವರೇ ಹೆಚ್ಚು. ನಾವಿಕರಿಲ್ಲದೆ ಬರಿಯ ದೋಣಿ ಹಿಡಿಯಲು ಚಾಲನಾ ಪರವಾನಗಿ ತೋರಿಸಬೇಕು. ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಲೆಕ್ಕ. ಸಿಬ್ಬಂದಿಯಿರುವ ದೊಡ್ಡ ಯಾಟಿಗೆ ವಾರದ ಬಾಡಿಗೆಯ ಮೇಲೆ ಇಂಧನ, ಊಟ, ಬಂದರು ಶುಲ್ಕಗಳಿಗಾಗಿ ಬಾಡಿಗೆಯ ಶೇ. 25ರಿಂದ 35ರಷ್ಟನ್ನು ಮುಂಗಡ ಇಡಬೇಕು, ತೆರಿಗೆ ಬೇರೆ. ಲಂಗರಿನ ಸರಪಳಿ ಕಿತ್ತೆಸೆಯುವ ಪೋಸಿಡೋನಿಯಾ ಎಂಬ ಕಡಲಹುಲ್ಲಿನ ರಕ್ಷಣೆಗಾಗಿ ಫ್ರಾನ್ಸ್ 24 ಮೀಟರಿಗಿಂತ ಉದ್ದದ ನೌಕೆಗಳು ಆ ಹಾಸುಗಳ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಫ್ರಾನ್ಸ್, ಇಟಲಿ, ಸ್ಪೇನ್, ಗ್ರೀಸ್, ಮಾಲ್ಟಾ ಮತ್ತು 2023ರಿಂದ ಕ್ರೊಯೇಷಿಯಾಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ಮಾಂಟೆನೆಗ್ರೊ ಮತ್ತು ತುರ್ಕಿ ಈ ಕೂಟದ ಹೊರಗಿವೆ. ದಾರಿ ಅತ್ತ ತಿರುಗುವುದಾದರೆ ಷೆಂಗೆನ್ ವೀಸಾದಲ್ಲಿ ಮರುಪ್ರವೇಶಕ್ಕೂ ಅವಕಾಶವಿರಬೇಕು.

ಪುಣೆಯ ನೀರು, ನಮ್ಮ ಕರಾವಳಿ

ಕಡಲಿಲ್ಲದ ಪುಣೆಯಲ್ಲಿ ದೋಣಿಯ ಹವ್ಯಾಸ ಬೆಳೆದದ್ದು ಒಡ್ಡಿನಿಂದ. 19ನೇ ಶತಮಾನದ ನಡುವೆ ಜಮ್‌ಷೇಟ್‌ಜಿ ಜೀಜೀಭಾಯಿ ಅವರ ದಾನದಿಂದ ಮುಳಾ ಮುಠಾ ನದಿಗೆ ಕಟ್ಟಿದ ಒಡ್ಡಿನ ಹಿಂದೆ ನೀರು ನಿಂತಿತು; 1868ರಲ್ಲಿ ಆ ದಂಡೆಯಲ್ಲಿ ಬೋಟ್ ಕ್ಲಬ್ ಹುಟ್ಟಿತು. ಖಡಕಿಯಿಂದ ನದಿ ದಾಟಿದರೆ ದಾಪೋಡಿಯ ಸೇನಾ ಎಂಜಿನಿಯರಿಂಗ್ ಕಾಲೇಜು. ಅಲ್ಲಿನ ಸೇನಾ ರೋಯಿಂಗ್ ಕೇಂದ್ರದಲ್ಲಿ ಪಳಗಿದ ದತ್ತು ಭೋಕನಳ್ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಸೇನೆಯ ಎಂಜಿನಿಯರ್ ದಳದವರೇ ‘ತೃಷ್ಣಾ’ ಎಂಬ 37 ಅಡಿಯ ಹಾಯಿಯಾಟಿನಲ್ಲಿ 1985ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಿಟ್ಟು 1987ರ ಜನವರಿಯಲ್ಲಿ ಮರಳಿದರು. ಹಾಯಿನೌಕೆಯಲ್ಲಿ ಭಾರತೀಯರು ಭೂಮಿ ಸುತ್ತಿದ್ದು ಅದೇ ಮೊದಲು.

ಕರ್ನಾಟಕದ ಕರಾವಳಿಗೆ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದಂಥ ಚೆಲುವಾದ ಬಂದರುಗಳಿವೆ. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ಆದರೂ ಅವು ರಿವಿಯೆರಾ ಆಗದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ನಮ್ಮ ಬಂದರುಗಳಲ್ಲಿ ಹೆಚ್ಚಿನವು ನದಿಗಳ ಅಳಿವೆಯಲ್ಲಿವೆ. ಪ್ರತಿ ಮಳೆಗಾಲದಲ್ಲಿ ಅಳಿವೆ ಬಾಗಿಲಿನಲ್ಲಿ ಮರಳ ದಿಬ್ಬ ಜರುಗುತ್ತದೆ, ಹೂಳು ತುಂಬುತ್ತದೆ. ಊರಿನ ಮೀನುಗಾರರೇ ಎಚ್ಚರದಿಂದ ಉಬ್ಬರ ನೋಡಿ ಒಳಬರುತ್ತಾರೆ. ಜೂನ್‌ನಿಂದ ಕಡಲು ಮುಚ್ಚಿದರೆ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಮತ್ತೆ ಬಿಡುವುದು ಮಳೆ ಹಿಂದೆಗೆದ ಮೇಲೆ. ವಿಹಾರನೌಕೆ ಸಾಕುವವರಿಗೆ ಆ ನಾಲ್ಕು ತಿಂಗಳು ಕೊಚ್ಚಿಯಂಥ ಒಳನೀರಿನ ಆಸರೆ ಬೇಕು. ಅಲ್ಲಿನ ಬೋಳ್ಗಾಟ್ಟಿ ದ್ವೀಪದ ಮರಿನಾ ಹಿನ್ನೀರಿನ ಒಳಗಿರುವುದು ಅದಕ್ಕೇ.